ಮಾಸಿದ ಛಾಯಾಚಿತ್ರಕ್ಕೆ ಮರುಹೊಳಪು

ಹಳೆಯ ಕಪ್ಪು-ಬಿಳುಪು ಛಾಯಾಚಿತ್ರವನ್ನು ಸ್ಕ್ಯಾನ್ ಮಾಡಿದಾಗ ಅದರ ಪ್ರತಿಯೊಂದು ಬಿಂದುವೂ ಸಾಮಾನ್ಯವಾಗಿ 0 ರಿಂದ 255 ರವರೆಗಿನ ಒಂದು ಸಂಖ್ಯೆಯಾಗಿ ಗಣಕದಲ್ಲಿ ದಾಖಲಾಗುತ್ತದೆ. 0 ಎಂದರೆ ಅಚ್ಚಗಪ್ಪು. 255 ಎಂದರೆ ಅಚ್ಚಬಿಳುಪು. ಮಾಸಿದ ಚಿತ್ರದಲ್ಲಿ ಬಹುತೇಕ ಸಂಖ್ಯೆಗಳು ನಡುವಣ ಬೂದುಬಣ್ಣದಲ್ಲಿಯೇ ಒತ್ತಾಗಿರುತ್ತವೆ. ಸರಳ ವಿಧಾನದಲ್ಲಿ ಬ್ರೈಟ್‌ನೆಸ್ ಹೆಚ್ಚಿಸಿದರೆ ಅವೆಲ್ಲವೂ ಒಟ್ಟಾಗಿ ಮೇಲೇರುತ್ತವೆ. ಕಾಂಟ್ರಾಸ್ಟ್ ಹೆಚ್ಚಿಸಿದರೆ ಅವುಗಳ ನಡುವಣ ಅಂತರ ಹಿಗ್ಗುತ್ತದೆ. ಆದುದರಿಂದ ಇಂತಹ ಚಿತ್ರಕ್ಕೆ ಮುಖ್ಯವಾಗಿ ಬೇಕಾದುದು ಕಾಂಟ್ರಾಸ್ಟ್.

ಆದರೆ ಅದು ಅತಿಯಾದರೆ 240, 250 ಎರಡೂ 255ನ್ನು ಮುಟ್ಟಿ ಒಂದಾಗುತ್ತವೆ. ಅಜ್ಜಿಯ ಬಿಳಿ ಸೀರೆಯ ನೆರಿಗೆಗಳು ಅಳಿಸಿಹೋಗುತ್ತವೆ. ಹಾಗೆ ಉಳಿಸಿದ ಚಿತ್ರದಿಂದ ಅವನ್ನು ಮರಳಿ ಪಡೆಯಲಾಗದು. ಆದಕಾರಣ ಮೂಲ ಸ್ಕ್ಯಾನನ್ನು ಪ್ರತ್ಯೇಕವಾಗಿ ಕಾಪಾಡಿಕೊಂಡು, ಅದರ ಪ್ರತಿಯಲ್ಲಿ ಮಾತ್ರ ತಿದ್ದುಪಡಿ ಮಾಡುವುದು ಲೇಸು.