ತಿಂಗಳ ಪೂಜೆಯ ಮನೆಯಲ್ಲಿ ಎದ್ದ ಪ್ರಶ್ನೆ: ಪಾಪ, ರಕ್ಷಣೆ, ಪವಿತ್ರ ಗ್ರಂಥ ಕುರಿತು ನಾವು ಮತ್ತು ಪ್ರೊಟೆಸ್ಟೆಂಟ್ ಸಹೋದರರು



ನಮ್ಮ ಕರಾವಳಿಯ ಒಂದು ಕಥೋಲಿಕ ಮನೆಯಲ್ಲಿ ತಾಯಿ ತೀರಿಕೊಂಡಿದ್ದರು. ಮೃತಸಂಸ್ಕಾರ ಮುಗಿದ ವಾರದಲ್ಲಿ ತಿಂಗಳ ಪೂಜೆಯ ಬಗ್ಗೆ ಮಾತುಕತೆ ನಡೆಯುತ್ತಿತ್ತು. ಹಿರಿಯ ಮಗಳನ್ನು ಸಿ.ಎಸ್.ಐ. ಸಭೆಯ ಕುಟುಂಬಕ್ಕೆ ಮದುವೆ ಮಾಡಿಕೊಟ್ಟಿದ್ದರು. ಅಳಿಯ ತುಂಬ ಸೌಮ್ಯ ಸ್ವಭಾವದವರು. ಅವರು ಮೆಲ್ಲಗೆ ಕೇಳಿದರು: "ಅತ್ತೆ ಕರ್ತನನ್ನು ನಂಬಿ ಬದುಕಿದವರು, ಆತನ ಬಳಿಗೇ ಹೋಗಿದ್ದಾರೆ. ಮತ್ತೆ ಈ ಪೂಜೆ ಯಾತಕ್ಕಾಗಿ?" ಮಗಳ ಸೋದರಮಾವ ತಟ್ಟನೆ ಉತ್ತರಿಸಿದರು: "ನಿಮ್ಮಲ್ಲಿ ನಂಬಿದರೆ ಸಾಕು. ನಮ್ಮಲ್ಲಿ ಹಾಗಲ್ಲ, ಪುಣ್ಯ ಕೂಡಿಸಬೇಕು." ಅಲ್ಲಿಗೆ ಮಾತು ನಿಂತಿತು. ಆ ಮಗಳು ಅಳುತ್ತಾ ಒಳಗೆ ಹೋದರು. ಒಂದೆಡೆ ತಾಯಿ, ಇನ್ನೊಂದೆಡೆ ಗಂಡ. ತನ್ನ ವಿಶ್ವಾಸ ಯಾವುದೆಂದು ಹೇಳಲು ಅವರಿಗೆ ಮಾತು ಸಿಗಲಿಲ್ಲ.

ವಾಳೆಯ ಗುರ್ಕಾರರ ಮೂಲಕ ಈ ವಿಷಯ ನಮ್ಮ ಬಳಿಗೆ ಬಂತು. ಮಾವನವರ ಉತ್ತರದಲ್ಲಿ ಎರಡು ವಾಕ್ಯಗಳಿದ್ದವು, ಎರಡೂ ಸರಿಯಲ್ಲ. ಮೊದಲನೆಯದು ಪ್ರೊಟೆಸ್ಟೆಂಟರ ಬೋಧನೆಯಲ್ಲ, ಎರಡನೆಯದು ನಮ್ಮ ಧರ್ಮಸಭೆಯ ಬೋಧನೆಯಲ್ಲ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಇವೇ ಎರಡು ವಾಕ್ಯಗಳು ಧರ್ಮೋಪದೇಶವಾಗಿ ಉಳಿದುಕೊಂಡಿವೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಭಿನ್ನಾಭಿಪ್ರಾಯ ಹುಟ್ಟಿದ ಬಗೆ

1517ರ ಅಕ್ಟೋಬರ್ 31ರಂದು ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಅಗಸ್ಟೀನ್ ಸಭೆಯ ಸನ್ಯಾಸಿ, ಧರ್ಮಗುರು ಮಾರ್ಟಿನ್ ಲೂಥರ್ 95 ವಾದಾಂಶಗಳನ್ನು ಮುಂದಿಟ್ಟರು. ರೋಮಿನ ಸಂತ ಪೇತ್ರರ ಮಹಾದೇವಾಲಯದ ನಿರ್ಮಾಣಕ್ಕಾಗಿ ಕಾಣಿಕೆ ಕೊಟ್ಟವರಿಗೆ ದಂಡವಿಮೋಚನೆಯನ್ನು ಸಾರಲಾಗುತ್ತಿದ್ದ ಕಾಲವದು. ಹಣ ಕೊಟ್ಟು ಆತ್ಮವನ್ನು ಬಿಡಿಸಬಹುದು ಎಂಬ ಭಾವನೆ ಜನರಲ್ಲಿ ಹರಡಿತ್ತು. ಲೂಥರರ ಆಕ್ಷೇಪ ಅಲ್ಲಿಂದ ಆರಂಭವಾಯಿತು. ಈ ದುರ್ಬಳಕೆ ನಿಜವಾಗಿಯೂ ನಡೆದಿತ್ತು ಎಂದು ಒಪ್ಪಿಕೊಳ್ಳಲು ನಾವು ಅಂಜಬೇಕಾಗಿಲ್ಲ. ಹಣಕ್ಕೆ ಸಂಬಂಧಿಸಿದ ದಂಡವಿಮೋಚನೆಗಳನ್ನೆಲ್ಲ 1567ರಲ್ಲಿ ಜಗದ್ಗುರು ಐದನೆಯ ಪಿಯುಸ್ ರದ್ದುಮಾಡಿದರು. ಆದರೆ ಅಷ್ಟರಲ್ಲಿ ವಾದ ಬಹಳ ದೂರ ಸಾಗಿತ್ತು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ? ಪಾಪವೆಂದರೇನು? ಇದನ್ನು ತೀರ್ಮಾನಿಸುವ ಅಧಿಕಾರ ಯಾರದು? 1521ರಲ್ಲಿ ಲೂಥರರನ್ನು ಧರ್ಮಸಭೆಯಿಂದ ಬಹಿಷ್ಕರಿಸಲಾಯಿತು. 1545ರಿಂದ 1563ರವರೆಗೆ ಹಲವು ಹಂತಗಳಲ್ಲಿ ನಡೆದ ಟ್ರೆಂಟ್ ಮಹಾಸಭೆ ಕಥೋಲಿಕ ಉತ್ತರವನ್ನು ರೂಪಿಸಿತು.

ರಕ್ಷಣೆ: ವಿಶ್ವಾಸವೋ, ಸತ್ಕ್ರಿಯೆಯೋ?

ಲೂಥರರು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವನ್ನು ಜರ್ಮನ್ ಭಾಷೆಗೆ ತರುವಾಗ, ವಿಶ್ವಾಸ ಎಂಬಲ್ಲಿ 'ಮಾತ್ರ' ಎಂಬ ಪದವನ್ನು ಸೇರಿಸಿದರು. ಅದು ಮೂಲ ಗ್ರೀಕಿನಲ್ಲಿ ಇಲ್ಲ. ಆದರೆ ಪೌಲರ ಅರ್ಥ ಅದೇ ಎಂಬುದು ಅವರ ವಾದವಾಗಿತ್ತು. ಇನ್ನೊಂದು ಕಡೆ, ಬೈಬಲಿನಲ್ಲಿ 'ವಿಶ್ವಾಸದಿಂದ ಮಾತ್ರ' ಎಂಬ ನುಡಿ ಬರುವುದು ಸಂತ ಯಕೋಬರ ಪತ್ರದ ಎರಡನೆಯ ಅಧ್ಯಾಯದಲ್ಲಿ, ಅದೂ ನಿಷೇಧದ ಅರ್ಥದಲ್ಲಿ. ಈ ಎರಡು ಅಧ್ಯಾಯಗಳನ್ನು ಹಿಡಿದು ಎರಡೂ ಕಡೆಯವರು ಶತಮಾನಗಳ ಕಾಲ ವಾದಿಸಿದ್ದಾರೆ.

ಆದರೆ ಟ್ರೆಂಟ್ ಮಹಾಸಭೆ ಏನು ಹೇಳಿತು ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? 1547ರ ಜನವರಿ 13ರಂದು ಅದು ಹೊರಡಿಸಿದ ನೀತೀಕರಣದ ಆದೇಶಪತ್ರದಲ್ಲಿ 33 ಖಂಡನಾ ಕಟ್ಟಳೆಗಳಿವೆ. ಅವುಗಳಲ್ಲಿ ಮೊಟ್ಟಮೊದಲನೆಯದು ಖಂಡಿಸುವುದು ಲೂಥರರನ್ನಲ್ಲ. ಕ್ರಿಸ್ತರ ಮೂಲಕ ಬರುವ ವರಪ್ರಸಾದವಿಲ್ಲದೆ ತನ್ನ ಸ್ವಂತ ಕ್ರಿಯೆಗಳಿಂದಲೇ ಮನುಷ್ಯ ನೀತಿವಂತನಾಗಬಲ್ಲ ಎನ್ನುವವರನ್ನು. ಅಂದರೆ ಪುಣ್ಯ ಕೂಡಿಸಿ ಸ್ವರ್ಗ ಗಳಿಸಬಹುದು ಎಂಬ ಮಾತನ್ನು ನಮ್ಮದೇ ಮಹಾಸಭೆ ಎಲ್ಲಕ್ಕಿಂತ ಮೊದಲು ತಳ್ಳಿಹಾಕಿದೆ. ಬ್ಯಾಂಕಿನಲ್ಲಿ ಹಣ ಜಮೆ ಮಾಡಿದಂತೆ ಪೂಜೆ, ಜಪಸರ, ದಾನಗಳನ್ನು ಲೆಕ್ಕಕ್ಕೆ ಸೇರಿಸುವ ಮನೋಭಾವ ಕಥೋಲಿಕ ವಿಶ್ವಾಸವಲ್ಲ.

ಪ್ರೊಟೆಸ್ಟೆಂಟರು ಸತ್ಕ್ರಿಯೆ ಬೇಡ ಎನ್ನುತ್ತಾರೆಯೇ? ಅದೂ ಇಲ್ಲ. ಒಳ್ಳೆಯ ಮರ ಒಳ್ಳೆಯ ಹಣ್ಣು ಕೊಡುವಂತೆ ನಿಜವಾದ ನಂಬಿಕೆಯಿಂದ ಸತ್ಕ್ರಿಯೆ ತಾನಾಗಿ ಹೊರಡುತ್ತದೆ ಎಂದೇ ಲೂಥರ್, ಕ್ಯಾಲ್ವಿನ್ ಇಬ್ಬರೂ ಬೋಧಿಸಿದರು. ನಮ್ಮ ಕಣ್ಣೆದುರಿನ ಸಾಕ್ಷಿಯೇ ಸಾಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಶಾಲೆ, ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ಕಟ್ಟಿದರು. ಕಿಟೆಲರು 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟರು. ಕ್ರಿಯೆ ಬೇಡ ಎಂದವರ ಲಕ್ಷಣವಲ್ಲ ಇದು.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿದೆ? ಲೂಥರರ ಪರಂಪರೆ ಮುಖ್ಯವಾಗಿ ನ್ಯಾಯಾಲಯದ ಹೋಲಿಕೆಯಲ್ಲಿ ಯೋಚಿಸುತ್ತದೆ: ಅಪರಾಧಿಯನ್ನು ನ್ಯಾಯಾಧಿಪತಿ ಕ್ರಿಸ್ತರ ನೀತಿಯ ನಿಮಿತ್ತ ನಿರಪರಾಧಿಯೆಂದು ಘೋಷಿಸುತ್ತಾನೆ. ಕಥೋಲಿಕ ಬೋಧನೆ ಇದಕ್ಕೆ ವೈದ್ಯನ ಹೋಲಿಕೆಯನ್ನು ಸೇರಿಸುತ್ತದೆ: ದೇವರು ಘೋಷಿಸುವುದಷ್ಟೇ ಅಲ್ಲ, ಒಳಗಿನಿಂದ ಗುಣಪಡಿಸುತ್ತಾರೆ, ಗುಣವಾದವನು ವರಪ್ರಸಾದದೊಡನೆ ಸಹಕರಿಸುತ್ತಾ ಬೆಳೆಯುತ್ತಾನೆ. ನಮ್ಮ ಪುಣ್ಯವೆಂಬುದೂ ದೇವರದೇ ಕೊಡುಗೆ ಎಂದು ಸಂತ ಅಗಸ್ಟೀನರು ಕಲಿಸಿದ್ದನ್ನು ಧರ್ಮಸಭೆ ಇಂದಿಗೂ ಬೋಧಿಸುತ್ತದೆ.

1999ರ ಒಪ್ಪಂದ

ಮೂವತ್ತಕ್ಕೂ ಹೆಚ್ಚು ವರ್ಷಗಳ ಸಂವಾದದ ನಂತರ, 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ನೀತೀಕರಣದ ಕುರಿತಾದ ಜಂಟಿ ಘೋಷಣೆಗೆ ಸಹಿ ಹಾಕಿದವು. ಅದರ ಸಾರ ಇಷ್ಟು: ನಮ್ಮ ಯೋಗ್ಯತೆಯಿಂದಲ್ಲ, ಕ್ರಿಸ್ತರ ರಕ್ಷಣಾ ಕಾರ್ಯದಲ್ಲಿ ವಿಶ್ವಾಸವಿಡುವ ಮೂಲಕ, ವರಪ್ರಸಾದದಿಂದ ಮಾತ್ರವೇ ದೇವರು ನಮ್ಮನ್ನು ಸ್ವೀಕರಿಸುತ್ತಾರೆ, ಪವಿತ್ರಾತ್ಮರು ನಮ್ಮ ಹೃದಯವನ್ನು ನವೀಕರಿಸಿ ಸತ್ಕ್ರಿಯೆಗಳಿಗೆ ಕರೆಯುತ್ತಾರೆ. ಘೋಷಣೆಯಲ್ಲಿ ವಿವರಿಸಿರುವ ಬೋಧನೆಗೆ 16ನೆಯ ಶತಮಾನದ ಪರಸ್ಪರ ಖಂಡನೆಗಳು ಅನ್ವಯಿಸುವುದಿಲ್ಲ ಎಂದು ಎರಡೂ ಕಡೆಯವರು ಒಪ್ಪಿದರು.

2006ರಲ್ಲಿ ವಿಶ್ವ ಮೆಥೋಡಿಸ್ಟ್ ಮಂಡಳಿ ಇದಕ್ಕೆ ಸೇರಿತು. 2016ರಲ್ಲಿ ಆಂಗ್ಲಿಕನ್ ಸಮಾಲೋಚನಾ ಮಂಡಳಿ ಇದರ ಸಾರವನ್ನು ಸ್ವಾಗತಿಸಿತು. 2017ರಲ್ಲಿ ಸುಧಾರಿತ ಸಭೆಗಳ ವಿಶ್ವ ಒಕ್ಕೂಟವೂ ವಿಟೆನ್‌ಬರ್ಗ್‌ನಲ್ಲೇ ಸಹಿ ಹಾಕಿತು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ, ಅಂದರೆ ನಾವು ಸಿ.ಎಸ್.ಐ. ಎನ್ನುವ ಸಭೆ, ಈ ಮೂರೂ ಜಾಗತಿಕ ಕುಟುಂಬಗಳ ಸದಸ್ಯ. ಆ ಮನೆಯ ಮಾವ ಮತ್ತು ಅಳಿಯ ಯಾವ ವಿಷಯಕ್ಕೆ ಮಾತು ಬಿಟ್ಟರೋ, ಆ ವಿಷಯದಲ್ಲಿ ಅವರ ಹಿರಿಯರು ಆಗಲೇ ಕೈಕುಲುಕಿ ಆಗಿತ್ತು.

ಎಲ್ಲವೂ ಮುಗಿಯಿತು ಎಂದು ನಾವು ಹೇಳುತ್ತಿಲ್ಲ. 1998ರಲ್ಲಿ ಜರ್ಮನಿಯ ನೂರಕ್ಕೂ ಹೆಚ್ಚು ಪ್ರೊಟೆಸ್ಟೆಂಟ್ ದೇವಶಾಸ್ತ್ರಜ್ಞರು ಈ ಘೋಷಣೆಯನ್ನು ವಿರೋಧಿಸಿದ್ದರು. ಅದೇ ವರ್ಷ ರೋಮ್ ಕೂಡ ಕೆಲವು ಸಂದೇಹಗಳನ್ನು ಮುಂದಿಟ್ಟಿತ್ತು. ಅವುಗಳಲ್ಲಿ ಮುಖ್ಯವಾದದ್ದು ಪಾಪದ ಕುರಿತು.

ಪಾಪ: ದೀಕ್ಷಾಸ್ನಾನದ ನಂತರ ಉಳಿಯುವುದೇನು?

ದೀಕ್ಷಾಸ್ನಾನ ಪಡೆದವನಲ್ಲೂ ಕೋಪ, ಮೋಹ, ಅಸೂಯೆಗಳತ್ತ ಸೆಳೆತ ಉಳಿಯುತ್ತದೆ. ಇದು ನಮ್ಮೆಲ್ಲರ ಅನುಭವ. ಲೂಥರರ ಪ್ರಕಾರ ಈ ಸೆಳೆತವೇ ಪಾಪ. ಆದ್ದರಿಂದ ಕ್ರೈಸ್ತನು ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು. 1546ರಲ್ಲಿ ಟ್ರೆಂಟ್ ಮಹಾಸಭೆ ಹೀಗೆ ಉತ್ತರಿಸಿತು: ಈ ಸೆಳೆತ ಪಾಪದಿಂದ ಬಂದದ್ದು, ಪಾಪದ ಕಡೆಗೆ ಎಳೆಯುವಂಥದ್ದು, ಆದರೆ ನಾವು ಮನಸಾರೆ ಒಪ್ಪದ ಹೊರತು ಅದೇ ಪಾಪವಲ್ಲ.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಪಾಪನಿವೇದನೆಗೆ ಬರುವ ಯುವಕನೊಬ್ಬ ಬೇಡದ ಯೋಚನೆ ಮನಸ್ಸಿಗೆ ಬಂತೆಂದು ನರಳುತ್ತಿದ್ದರೆ, ಶೋಧನೆ ಬೇರೆ, ಸಮ್ಮತಿ ಬೇರೆ ಎಂದು ನಾವು ಹೇಳುವುದು ಈ ಬೋಧನೆಯ ಆಧಾರದಿಂದಲೇ. ಮಾರಕ ಪಾಪಕ್ಕೆ ಗಂಭೀರ ವಿಷಯ, ಪೂರ್ಣ ಅರಿವು, ಪೂರ್ಣ ಸಮ್ಮತಿ ಈ ಮೂರೂ ಬೇಕು ಎಂಬುದೂ ಇದಕ್ಕೆ ಹೊಂದಿಕೊಂಡಿದೆ. ಲೂಥರರ ಮಾತಿನಲ್ಲೂ ನಮಗೊಂದು ಎಚ್ಚರಿಕೆಯಿದೆ: ಪಾಪಗಳ ಪಟ್ಟಿ ಓದಿ ಮುಗಿಸಿದೊಡನೆ ಮನಸ್ಸು ಶುದ್ಧವಾಯಿತು ಎಂದು ಭಾವಿಸಬಾರದು, ಬೇರು ಆಳದಲ್ಲಿದೆ.

ಇಲ್ಲಿಂದಲೇ ಸತ್ತವರಿಗಾಗಿ ಪ್ರಾರ್ಥಿಸುವ ಪ್ರಶ್ನೆ ಏಳುತ್ತದೆ. ಹುಡುಗನೊಬ್ಬ ಕಲ್ಲೆಸೆದು ನೆರೆಮನೆಯ ಹಂಚು ಒಡೆದ ಎನ್ನಿ. ಅವರು ಕ್ಷಮಿಸಿದರು. ಆದರೂ ಹಂಚು ಬದಲಿಸಬೇಕು, ಹುಡುಗನ ಕೈಚಳಕವೂ ನೇರವಾಗಬೇಕು. ಪಾಪಕ್ಕೆ ಕ್ಷಮೆ ದೊರೆತರೂ ಅದು ಬಿಟ್ಟ ಗಾಯ ಮಾಯಬೇಕು. ದೇವರ ಪ್ರೀತಿಯಲ್ಲಿ ಸತ್ತು ಇನ್ನೂ ಪೂರ್ಣ ಶುದ್ಧರಾಗದವರಲ್ಲಿ ಈ ಕೆಲಸವನ್ನು ದೇವರು ಮುಗಿಸುತ್ತಾರೆ ಎಂಬುದೇ ಉತ್ತರಿಸುವ ಸ್ಥಳದ ಬೋಧನೆ. ಅಲ್ಲಿರುವವರ ರಕ್ಷಣೆ ಆಗಲೇ ನಿಶ್ಚಿತ. ನಾವು ಪೂಜೆ ಅರ್ಪಿಸುವುದು ಅವರನ್ನು ನರಕದಿಂದ ಬಿಡಿಸಲಿಕ್ಕಲ್ಲ, ಲೆಕ್ಕ ತೀರಿಸಲಿಕ್ಕೂ ಅಲ್ಲ. ಪ್ರೀತಿಯ ಬಂಧ ಮರಣದಿಂದ ಕಡಿಯುವುದಿಲ್ಲ, ಅದಕ್ಕಾಗಿ.

ಪವಿತ್ರ ಗ್ರಂಥ: ಓದುವವರು ಯಾರು, ತೀರ್ಮಾನಿಸುವವರು ಯಾರು?

"ಇದು ಬೈಬಲಿನಲ್ಲಿ ಎಲ್ಲಿದೆ?" ಎಂದು ಅಳಿಯ ಕೇಳಬಹುದು. ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಯೂದನು ಯುದ್ಧದಲ್ಲಿ ಮಡಿದವರ ಪಾಪಪರಿಹಾರ ಬಲಿಗಾಗಿ ಜೆರುಸಲೇಮಿಗೆ ಹಣ ಕಳುಹಿಸುತ್ತಾನೆ. ಆದರೆ ಅವರ ಸತ್ಯವೇದದಲ್ಲಿ ಆ ಗ್ರಂಥವೇ ಇಲ್ಲ. ನಮ್ಮಲ್ಲಿ 73 ಗ್ರಂಥಗಳು, ಅವರಲ್ಲಿ 66. ತೊಬೀತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ ಮತ್ತು ಮಕ್ಕಬಿಯರ ಎರಡು ಗ್ರಂಥಗಳು ಅವರ ಪಟ್ಟಿಯಲ್ಲಿಲ್ಲ. ಲೂಥರರು 1534ರ ತಮ್ಮ ಜರ್ಮನ್ ಬೈಬಲಿನಲ್ಲಿ ಇವನ್ನು ಕಿತ್ತೆಸೆಯಲಿಲ್ಲ. ಓದಲು ಒಳ್ಳೆಯವು, ಆದರೆ ಪವಿತ್ರ ಗ್ರಂಥಕ್ಕೆ ಸಮವಲ್ಲ ಎಂದು ಪ್ರತ್ಯೇಕವಾಗಿ ಇರಿಸಿದರು. 1826ರಲ್ಲಿ ಬ್ರಿಟಿಷ್ ಬೈಬಲ್ ಸೊಸೈಟಿ ಇವಿರುವ ಬೈಬಲುಗಳಿಗೆ ನೆರವು ನಿಲ್ಲಿಸಿದ ಮೇಲೆ ಬಹುಪಾಲು ಪ್ರೊಟೆಸ್ಟೆಂಟ್ ಮನೆಗಳಿಂದ ಇವು ಮರೆಯಾದವು.

ಗ್ರಂಥಗಳ ಪಟ್ಟಿಗಿಂತ ದೊಡ್ಡ ಪ್ರಶ್ನೆ ಅರ್ಥವಿವರಣೆಯದು. ಗ್ರಂಥವೊಂದೇ ಅಂತಿಮ ಪ್ರಮಾಣ ಎನ್ನುತ್ತಾರೆ ಪ್ರೊಟೆಸ್ಟೆಂಟರು. ಆದರೆ 1529ರ ಅಕ್ಟೋಬರ್‌ನಲ್ಲಿ ಮಾರ್ಬರ್ಗ್‌ನಲ್ಲಿ ಲೂಥರ್ ಮತ್ತು ಸ್ವಿಂಗ್ಲಿ ಭೇಟಿಯಾದಾಗ 15 ಅಂಶಗಳಲ್ಲಿ 14ಕ್ಕೆ ಒಪ್ಪಿದರು. ಕಡೆಯ ಭೋಜನದಲ್ಲಿ ಪ್ರಭು ತಮ್ಮ ಶರೀರದ ಕುರಿತು ಹೇಳಿದ ಮಾತಿನ ಅರ್ಥದಲ್ಲಿ ಮಾತ್ರ ಒಮ್ಮತ ಮೂಡಲಿಲ್ಲ. ಇಬ್ಬರ ಕೈಯಲ್ಲಿದ್ದುದೂ ಒಂದೇ ಬೈಬಲ್. ಪವಿತ್ರ ಗ್ರಂಥ ಹುಟ್ಟಿ ಬೆಳೆದದ್ದು ಧರ್ಮಸಭೆಯ ಮಡಿಲಲ್ಲಿ. ಪ್ರೇಷಿತರಿಂದ ಬಂದ ಪರಂಪರೆಯೊಡನೆ ಅದನ್ನು ಓದಬೇಕು ಎಂದು ನಾವು ಹೇಳುವುದು ಇದಕ್ಕಾಗಿಯೇ. ಹಾಗೆಂದು ಧರ್ಮಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವಕ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿದೆ. ಎಲ್ಲ ವಿಶ್ವಾಸಿಗಳೂ ಬೈಬಲ್ ಓದಬೇಕೆಂದು ಅದೇ ಮಹಾಸಭೆ ಒತ್ತಾಯಿಸಿತು. ಈ ವಿಷಯದಲ್ಲಿ ನಾವು ನಮ್ಮ ಪ್ರೊಟೆಸ್ಟೆಂಟ್ ನೆರೆಯವರಿಂದ ಕಲಿಯಬೇಕಾದದ್ದು ಇನ್ನೂ ಇದೆ. ಅವರ ಮನೆಯ ಸತ್ಯವೇದದ ಪುಟಗಳು ಕೈ ತಾಗಿ ಸವೆದಿವೆ. ನಮ್ಮ ಎಷ್ಟೋ ಮನೆಗಳಲ್ಲಿ ಬೈಬಲ್ ಪೀಠದ ಮೇಲೆ ಹೊಸದಾಗಿಯೇ ಉಳಿದಿದೆ.

ಮತ್ತೆ ಆ ಮನೆಗೆ

ನಾವು ಆ ಮನೆಗೆ ಹೋದಾಗ ಇಷ್ಟನ್ನೂ ಹೇಳಲಿಲ್ಲ. ಸಂತ ಮೋನಿಕಳ ಕಥೆಯೊಂದನ್ನು ಹೇಳಿದೆವು. 387ರಲ್ಲಿ ಓಸ್ಟಿಯಾದಲ್ಲಿ ಸಾಯುವ ಮುನ್ನ ಆಕೆ ಮಕ್ಕಳಲ್ಲಿ ಕೇಳಿದ್ದು ದೊಡ್ಡ ಸಮಾಧಿಯನ್ನಲ್ಲ. ಪ್ರಭುವಿನ ಪೀಠದ ಬಳಿ ತನ್ನನ್ನು ನೆನೆಯಬೇಕು ಎಂದಷ್ಟೇ. ಇದನ್ನು ಬರೆದಿಟ್ಟವರು ಆಕೆಯ ಮಗ ಅಗಸ್ಟೀನರು. ಲೂಥರರು ಸನ್ಯಾಸಿಯಾಗಿದ್ದದ್ದೂ ಅವರ ಹೆಸರಿನ ಸಭೆಯಲ್ಲೇ. ಸತ್ತವರಿಗಾಗಿ ಖಾಸಗಿಯಾಗಿ ಪ್ರಾರ್ಥಿಸುವುದು ಪಾಪವಲ್ಲ ಎಂದು 1528ರಲ್ಲಿ ಸ್ವತಃ ಲೂಥರರೂ ಬರೆದಿದ್ದರು ಎಂದಾಗ ಅಳಿಯ ತಲೆಯೆತ್ತಿ ನೋಡಿದರು.

ತಿಂಗಳ ಪೂಜೆಗೆ ಅವರು ಬಂದರು, ಹೆಂಡತಿಯ ಪಕ್ಕದಲ್ಲಿ ಕುಳಿತರು. ಪರಮಪ್ರಸಾದ ಸ್ವೀಕರಿಸಲಿಲ್ಲ; ಆ ಐಕ್ಯತೆ ನಮಗೆ ಇನ್ನೂ ಒದಗಿಲ್ಲ, ಆ ನೋವನ್ನು ನಾವು ಮುಚ್ಚಿಡಬಾರದು. ಸಂಜೆ ಮನೆಯ ಪ್ರಾರ್ಥನೆಯಲ್ಲಿ ತಮ್ಮ ಸತ್ಯವೇದದಿಂದ ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯವನ್ನು ಅವರೇ ಓದಿದರು. ಮಾವನವರು ಏನೂ ಹೇಳಲಿಲ್ಲ. ಊಟಕ್ಕೆ ಅಳಿಯನ ಪಕ್ಕದಲ್ಲೇ ಕುಳಿತರು.

ಧರ್ಮೋಪದೇಶ ಕಲಿಸುವವರಲ್ಲಿ, ಗುರ್ಕಾರರಲ್ಲಿ ನಮ್ಮ ಕೋರಿಕೆ ಇಷ್ಟೇ. 'ಅವರಿಗೆ ನಂಬಿದರೆ ಸಾಕು, ನಮಗೆ ಪುಣ್ಯ ಬೇಕು' ಎಂಬ ಮಾತನ್ನು ಇನ್ನು ಮುಂದೆ ಯಾರೂ ಕಲಿಸದಿರಲಿ. ತ್ರಿಯೇಕ ದೇವರ ನಾಮದಲ್ಲಿ ನೀರಿನಿಂದ ಪಡೆದ ಅವರ ದೀಕ್ಷಾಸ್ನಾನವನ್ನು ನಮ್ಮ ಧರ್ಮಸಭೆ ಮಾನ್ಯ ಮಾಡುತ್ತದೆ, ಮತ್ತೊಮ್ಮೆ ಕೊಡುವುದಿಲ್ಲ ಎಂಬುದು ನೆನಪಿರಲಿ. ಉಳಿದಿರುವ ಭಿನ್ನತೆಗಳನ್ನು ಹೆಸರಿಟ್ಟು, ಸರಿಯಾಗಿ, ಗೌರವದಿಂದ ಹೇಳೋಣ. ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥಿಸುವಾಗ, ಇಂಥ ಮನೆಗಳ ಮಗಳಂದಿರನ್ನು ನೆನೆಯೋಣ. ತಾಯಿಯ ವಿಶ್ವಾಸ ಮತ್ತು ಗಂಡನ ನಂಬಿಕೆಯ ನಡುವೆ ನಿಂತು ಅಳುವ ಗತಿ ಅವರಿಗೆ ಬಾರದಿರಲಿ.