ಕೋಡಿ ದಾಟುವ ಮೀನು: ತೋಟದ ಕೆರೆಗೆ ಮರಿ ಬಿಡುವ ಮುನ್ನ

ಮುಂಗಾರಿನ ಮೊದಲ ಮಳೆಗಳು ಬಿದ್ದು ಹಳ್ಳದ ನೀರು ಕೆಂಪಾದಾಗ ಮೀನು ಹತ್ತುವುದು ಮಲೆನಾಡಿನವರಿಗೆಲ್ಲ ಗೊತ್ತಿರುವ ಸಂಗತಿ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಏರಿ ಬರುವ ಈ ಹತ್ತುಮೀನು ಮೊಟ್ಟೆಯಿಡುವುದಕ್ಕಾಗಿ ಬರುತ್ತದೆ. ಅದರ ಮರಿಗಳು ಹಳ್ಳದಲ್ಲಿ ಕಣ್ಣುಬಿಡುತ್ತಿರುವಾಗಲೇ ಮಳೆ ಬಲಿತು ನಿಮ್ಮ ತೋಟದ ಕೆರೆ ಕೋಡಿ ಬೀಳುತ್ತದೆ. ಕೆರೆಯಲ್ಲಿದ್ದ ಮೀನು ಆ ನೀರಿನೊಡನೆ ಹಳ್ಳಕ್ಕೆ ಇಳಿಯುತ್ತದೆ. ಆದ್ದರಿಂದ ಕೆರೆಗೆ ಯಾವ ಮೀನು ಬಿಡಬೇಕೆಂಬುದು ನಿಮ್ಮ ಬೇಲಿಯೊಳಗಿನ ವಿಷಯ ಮಾತ್ರವಲ್ಲ, ಕೆಳಗಿನ ಹೊಳೆಯ ವಿಷಯವೂ ಹೌದು.

ಎರಡು ಅಪಾಯಕಾರಿ ಮೀನುಗಳು

ಮೊದಲನೆಯದು ಜಿಲೇಬಿ ಮೀನು ಎಂದು ಮಾರುಕಟ್ಟೆಯಲ್ಲಿ ಹೆಸರಾಗಿರುವ ತಿಲಾಪಿಯಾ. ಇದು ಆಫ್ರಿಕದ ಮೂಲದ್ದು. 1952ರಲ್ಲಿ ಭಾರತಕ್ಕೆ ಬಂತು. ಕೆಲವೇ ತಿಂಗಳಲ್ಲಿ ಪ್ರಾಯಕ್ಕೆ ಬಂದು, ವರ್ಷದಲ್ಲಿ ಹಲವು ಸಲ ಮರಿಮಾಡುತ್ತದೆ. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟು ಕಾಯುವುದರಿಂದ ಮರಿಗಳು ಹೆಚ್ಚಾಗಿ ಉಳಿಯುತ್ತವೆ. ಕೆರೆ ತುಂಬ ಬೆರಳುದ್ದದ ಮೀನಾಗಿ, ತೂಕ ಮಾತ್ರ ಬರುವುದಿಲ್ಲ. ನಾಡಮೀನಿನ ಮೇವನ್ನೂ ಜಾಗವನ್ನೂ ಕಸಿದುಕೊಳ್ಳುತ್ತದೆ, ಅವುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಈಗ ಬಂದಿರುವ ಸುಧಾರಿತ ತಳಿಯನ್ನು ಸಾಕಲೂ ಸರ್ಕಾರದ ಅನುಮತಿ ಬೇಕು.

ಎರಡನೆಯದು ಆಫ್ರಿಕದ ಕ್ಯಾಟ್‌ಫಿಶ್. ಕೇಂದ್ರ ಸರ್ಕಾರ 2000ದಲ್ಲಿ ಇದರ ಸಾಕಣೆಯನ್ನು ನಿಷೇಧಿಸಿತು. ಇದು ಬೇರೆ ಮೀನು, ಕಪ್ಪೆ, ಹುಳು, ಕೊಳೆತ ಮಾಂಸ ಯಾವುದನ್ನೂ ಬಿಡುವುದಿಲ್ಲ. ಗಾಳಿಯನ್ನೂ ಉಸಿರಾಡಬಲ್ಲದ್ದರಿಂದ, ನೀರು ಬತ್ತಿದ ಕೆಸರಿನಲ್ಲಿ ಬದುಕುತ್ತದೆ. ಒದ್ದೆ ನೆಲದ ಮೇಲೆ ತೆವಳಿ ಇನ್ನೊಂದು ಗುಂಡಿಗೂ ಸೇರುತ್ತದೆ. ಕೋಡಿಗೆ ಬಲೆ ಕಟ್ಟಿದರೆ ಸಾಕೆಂಬ ಧೈರ್ಯ ಈ ಮೀನಿನ ವಿಷಯದಲ್ಲಿ ಸಲ್ಲದು.

ನೆರೆ ಬಂದಾಗ ಏನಾಗುತ್ತದೆಂಬುದಕ್ಕೆ ಕೇರಳವನ್ನು ನೋಡಿ. 2018ರ ಮಹಾಪೂರದ ನಂತರ ಅಲ್ಲಿನ ಹೊಳೆಗಳಲ್ಲಿ ದಕ್ಷಿಣ ಅಮೆರಿಕದ ದೈತ್ಯ ಮೀನು ಅರಪೈಮಾ ಬಲೆಗೆ ಬಿತ್ತು. ಅದು ಯಾರೋ ಸಾಕಿದ್ದ ಕೊಳದಿಂದ ಹೊರಬಿದ್ದದ್ದು. ಮರುವರ್ಷ, 2019ರ ಆಗಸ್ಟಿನಲ್ಲಿ, ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ ಗುಡ್ಡಗಳು ಕುಸಿದವು. ಅಂಥ ಮಳೆಯಲ್ಲಿ ಯಾವ ಏರಿಯನ್ನು ನಂಬಲಾದೀತು?

ಒಂದು ಹೊಳೆಯ ನೆಂಟ, ಇನ್ನೊಂದಕ್ಕೆ ಪರಕೀಯ

ಪರದೇಶದ ಮೀನು ಮಾತ್ರ ಹಾನಿಮಾಡುತ್ತದೆಂದು ತಿಳಿಯಬೇಡಿ. ನಮ್ಮ ಗುಡ್ಡಗಳ ನೀರು ಮೂರು ದಾರಿ ಹಿಡಿಯುತ್ತದೆ. ಕಳಸ, ಬಾಳೆಹೊನ್ನೂರಿನ ಭದ್ರೆ ತುಂಗೆಯೊಡನೆ ಕೂಡಿ ಕೃಷ್ಣೆಗೆ ಸೇರುತ್ತದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ಕಾವೇರಿಗೆ ಹೋಗುತ್ತದೆ. ಚಾರ್ಮಾಡಿಯ ಪಡುವಣ ಇಳಿಜಾರಿನ ನೀರು ನೇತ್ರಾವತಿಗೆ. ಒಂದೊಂದು ಕಣಿವೆಗೂ ಅದರದೇ ಮೀನುಗಳಿವೆ.

ಬೆಲೆಬಾಳುವ ಮಹಸೀರ್ ಮೀನಿನ ಕಥೆಯೇ ಇದಕ್ಕೆ ಸಾಕ್ಷಿ. ನೀಲಿ ರೆಕ್ಕೆಯ ಮಹಸೀರ್ ಕೃಷ್ಣಾ ಕಣಿವೆಯದು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿ ಕೇಂದ್ರ 1970ರ ದಶಕದಿಂದ ಅದರ ಮರಿಗಳನ್ನು ಬೆಳೆಸಿ ದೇಶದ ಹಲವೆಡೆಗೆ ಕೊಟ್ಟಿತು. ಮಹಸೀರ್ ಉಳಿಸಬೇಕೆಂಬ ಸದುದ್ದೇಶದಿಂದಲೇ ಕಾವೇರಿಗೂ ಬಿಟ್ಟರು. ಆದರೆ ಕಾವೇರಿಗೆ ಅದರದೇ ಆದ ಡುಬ್ಬದ ಮಹಸೀರ್ ಇತ್ತು. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಸಿಕ್ಕಿದ್ದುಂಟು! ಕಾವೇರಿಯ ಗಾಳದ ಶಿಬಿರಗಳ 1998ರಿಂದ 2012ರವರೆಗಿನ ಲೆಕ್ಕ ಪರಿಶೀಲಿಸಿದಾಗ, ನೀಲಿ ರೆಕ್ಕೆಯದು ಹೆಚ್ಚುತ್ತ ಬಂದು ಡುಬ್ಬದ್ದು ಅಪರೂಪವಾದದ್ದು ಕಂಡುಬಂತು. ಅದಕ್ಕೆ ಸರಿಯಾದ ಶಾಸ್ತ್ರೀಯ ಹೆಸರು ಖಚಿತವಾದದ್ದೇ 2018ರಲ್ಲಿ. ಅಷ್ಟು ಹೊತ್ತಿಗೆ ಮೀನು ಅಳಿವಿನ ಅಂಚಿಗೆ ಬಂದಿತ್ತು. ಆದ್ದರಿಂದ ಭದ್ರೆಯ ಮೀನನ್ನು ಹೇಮಾವತಿಗೆ ತಂದು ಬಿಡುವುದೂ ತಪ್ಪೇ.

ನೀವು ಮಾಡಬಹುದಾದದ್ದು

ತೋಟದ ಕೆರೆಯಲ್ಲಿ ಮೀನು ಸಾಕಲೇಬಾರದೆಂದಲ್ಲ. ಈ ಕ್ರಮಗಳನ್ನು ಅನುಸರಿಸಿ.

1. ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಕೆರೆಗೆ ಹೊರಗಿನ ಮೀನು ಬಿಡಬೇಡಿ. ಹಳ್ಳದಿಂದ ದೂರವಿರುವ ಕೆರೆ ಅಥವಾ ಹೊಂಡವನ್ನೇ ಆರಿಸಿಕೊಳ್ಳಿ.

2. ಕಾಟ್ಲಾ, ರೋಹು ಗಂಗೆಯ ಕಡೆಯವಾದರೂ ನಿಂತ ಕೆರೆಯ ನೀರಿನಲ್ಲಿ ಮರಿಮಾಡುವುದಿಲ್ಲ. ಆದ್ದರಿಂದ ಇವು ತಿಲಾಪಿಯಾದಂತೆ ಕೆರೆಯಲ್ಲೇ ಹೆಚ್ಚುತ್ತ ಹೋಗವು. ಸಾಮಾನ್ಯ ಗೆಂಡೆ ಕೆರೆಯಲ್ಲೇ ಮರಿಮಾಡುತ್ತದೆ, ತಳ ಕೆದಕಿ ನೀರು ಕದಡುತ್ತದೆ; ಅದನ್ನು ಬಿಡದಿರುವುದು ಲೇಸು.

3. ಮರಿಗಳನ್ನು ಮೀನುಗಾರಿಕೆ ಇಲಾಖೆಯ ಕೇಂದ್ರದಿಂದಲೇ ತನ್ನಿ. ಬೆನ್ನಿನ ರೆಕ್ಕೆಯಲ್ಲಿ ಸಾಲಾಗಿ ಚುಚ್ಚುವ ಮುಳ್ಳಿದ್ದರೆ ತಿಲಾಪಿಯಾ ಇರಬಹುದು. ಹುರುಪೆಯಿಲ್ಲದೆ, ಚಪ್ಪಟೆ ತಲೆ, ಉದ್ದ ಮೀಸೆ ಇದ್ದರೆ ಕ್ಯಾಟ್‌ಫಿಶ್ ಜಾತಿಯದು. ಅಂಥ ಮರಿ ಬೆರೆತಿದ್ದರೆ ತೆಗೆದುಕೊಳ್ಳಬೇಡಿ.

4. ಜೋರು ಮಳೆ ಇಳಿದ ಮೇಲೆ ಮರಿ ಬಿಡಿ. ಕಾಫಿ ಹೂವಿಗೆ ನೀರು ಹಾರಿಸಿ ಮುಗಿಯುವ ವೇಳೆಗೆ ಕೆರೆಯ ನೀರು ಬಹಳ ಇಳಿದಿರುತ್ತದೆ. ಆಗ ಬಲೆ ಎಳೆಯುವುದು ಸುಲಭ. ಮೇ ತಿಂಗಳು ಮುಗಿಯುವುದರೊಳಗೆ ಕೆರೆಯನ್ನು ಮೀನಿಲ್ಲದಂತೆ ಖಾಲಿ ಮಾಡಿ.

5. ಕೋಡಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಓರೆಯಾಗಿ ನಿಲ್ಲಿಸಿ. ಎಲೆಕಸ ಕಟ್ಟಿಕೊಂಡರೆ ಏರಿಗೇ ಅಪಾಯವಾದ್ದರಿಂದ ಮಳೆಗಾಲದಲ್ಲಿ ಪ್ರತಿದಿನ ಬಿಡಿಸಬೇಕು.

6. ಪೇಟೆಯ ಗಾಜಿನ ತೊಟ್ಟಿಯ ಮೀನನ್ನಾಗಲಿ, ಸೊಳ್ಳೆ ನಿವಾರಣೆಗೆಂದು ಕೊಡುವ ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನಾಗಲಿ ಹಳ್ಳಕ್ಕೆ ಸುರಿಯಬೇಡಿ.

ಕಾಫಿಗೆ ಬೋರರ್ ಹುಳು ಬಿದ್ದರೆ ಆ ಗಿಡವನ್ನು ಕಿತ್ತು ಸುಡಬಹುದು. ಹೊಳೆಗೆ ಸೇರಿ ಮರಿಮಾಡಿದ ಮೀನನ್ನು ಮರಳಿ ಹಿಡಿದು ತೆಗೆಯುವ ಉಪಾಯ ಯಾರಿಗೂ ಗೊತ್ತಿಲ್ಲ. ಕಲ್ಲಿಗೆ ಅಂಟಿಕೊಂಡು ಪಾಚಿ ಮೇಯುವ ಮೀನಿನಿಂದ ಮಡುವಿನ ಮಹಸೀರ್‌ವರೆಗೆ ನಮ್ಮ ಹೊಳೆಯ ಸಂಪತ್ತು ಉಳಿಯಬೇಕಾದರೆ ತಡೆಯಬೇಕಾದ ಜಾಗ ನಿಮ್ಮ ಕೆರೆಯ ಕೋಡಿಯೇ. ಈ ಸಲ ಮರಿ ತರುವ ಮುನ್ನ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಒಂದೇ ಹಳ್ಳಕ್ಕೆ ಕೋಡಿ ಬೀಳುವ ತೋಟದವರೆಲ್ಲ ಕೂಡಿ ಮಾತಾಡಿಕೊಳ್ಳಿ. ಒಬ್ಬರು ತಡೆದು ಇನ್ನೊಬ್ಬರು ಬಿಟ್ಟರೆ ಪ್ರಯೋಜನವಿಲ್ಲ.