ಮನೆಯೊಳಗೊಂದು ಆವಿಗೆ: ವಿದ್ಯುತ್ತು, ಗಾಳಿ, ಧೂಳು

ನಮ್ಮ ಅಮೆರಿಕದ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಕಾಲೇಜಿಗೆ ಹೊರಟ ಮೇಲೋ ನಿವೃತ್ತಿಯ ನಂತರವೋ ಕುಂಬಾರಿಕೆ ಕಲಿಯುವವರಿದ್ದಾರೆ. ಮೊದಲು ಹತ್ತಿರದ ಸ್ಟುಡಿಯೋದಲ್ಲಿ ತರಗತಿ, ಆಮೇಲೆ ಮನೆಗೊಂದು ತಿಗರಿ, ಕೊನೆಗೆ ಸ್ವಂತ ಆವಿಗೆ, ಅಂದರೆ ಇಲ್ಲಿಯವರು ಕಿಲ್ನ್ ಎನ್ನುವ ಸುಡುವ ಗೂಡು. ತಿಗರಿಯ ಮೇಲೆ ಕೈ ತಪ್ಪಿದರೆ ಒಂದು ಮಡಕೆ ಹಾಳಾಗುತ್ತದೆ, ಅಷ್ಟೆ. ಆವಿಗೆಯ ವಿಷಯ ಹಾಗಲ್ಲ. ಅದನ್ನು ಎಲ್ಲಿ, ಹೇಗೆ ಇಡುತ್ತೇವೆ ಎನ್ನುವುದು ಮನೆಯವರೆಲ್ಲರ ಆರೋಗ್ಯಕ್ಕೆ ಸಂಬಂಧಿಸಿದ್ದು.

ನಮ್ಮ ಊರುಗಳಲ್ಲಿ ಕುಂಬಾರರು ಆವಿಗೆಯನ್ನು ಬಯಲಿನಲ್ಲಿ ಹೂಡುತ್ತಿದ್ದರು. ಹೊಗೆ ಗಾಳಿಯಲ್ಲಿ ಚದುರಿ ಹೋಗುತ್ತಿತ್ತು. ನಾವಾದರೋ ಅದಕ್ಕಿಂತ ಹೆಚ್ಚು ಶಾಖದ ಗೂಡನ್ನು ಗ್ಯಾರೇಜಿಗೆ ಅಥವಾ ಬೇಸ್‌ಮೆಂಟಿಗೆ ತರುತ್ತಿದ್ದೇವೆ. ಬಯಲು ತಾನಾಗಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಾವೇ ಏರ್ಪಡಿಸಬೇಕು.

ವಿದ್ಯುತ್ತು ಮತ್ತು ಜಾಗ

ಏಳು ಘನ ಅಡಿಯಷ್ಟು ಒಳಜಾಗವಿರುವ ಮಧ್ಯಮ ಗಾತ್ರದ ವಿದ್ಯುತ್ ಆವಿಗೆ ಸಾಮಾನ್ಯವಾಗಿ 240 ವೋಲ್ಟಿನಲ್ಲಿ 48 ಆಂಪಿಯರ್ ಎಳೆಯುತ್ತದೆ. ಅಂದರೆ ಸುಮಾರು 11.5 ಕಿಲೋವ್ಯಾಟ್. ಇದು ಗಂಟೆಗಟ್ಟಲೆ ನಡೆಯುವ ಹೊರೆಯಾದ್ದರಿಂದ ಶೇಕಡಾ 25ರಷ್ಟು ಹೆಚ್ಚುವರಿ ಸಾಮರ್ಥ್ಯವಿರಬೇಕು. ಹೀಗಾಗಿ 60 ಆಂಪಿಯರಿನ ಪ್ರತ್ಯೇಕ ಬ್ರೇಕರ್ ಬೇಕಾಗುತ್ತದೆ. ಬಟ್ಟೆ ಒಣಗಿಸುವ ಡ್ರೈಯರಿನ ಪ್ಲಗ್ ಸಾಮಾನ್ಯವಾಗಿ 30 ಆಂಪಿಯರಿನದು. ಅದಕ್ಕೆ ಇದನ್ನು ಸಿಕ್ಕಿಸುವಂತಿಲ್ಲ. ಕೆಲವು ವಾಣಿಜ್ಯ ಕಟ್ಟಡಗಳಲ್ಲಿ 208 ವೋಲ್ಟ್ ಇರುತ್ತದೆ. ಹಳೆಯ ಆವಿಗೆ ಕೊಳ್ಳುವವರು ಅದರ ಮೇಲಿನ ಫಲಕದಲ್ಲಿ ವೋಲ್ಟೇಜ್ ಓದಿಯೇ ಹಣ ಕೊಡಬೇಕು. ತಂತಿ ಎಳೆಯುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಗೇ ಇರಲಿ. ಪರ್ಮಿಟ್ ಪಡೆಯುವುದನ್ನೂ ಮನೆಯ ವಿಮಾ ಕಂಪನಿಗೆ ತಿಳಿಸುವುದನ್ನೂ ಮರೆಯಬಾರದು.

ಆವಿಗೆ ಕಾಂಕ್ರೀಟ್ ನೆಲದ ಮೇಲೆ, ಅದರದೇ ಲೋಹದ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಸುತ್ತಲಿನ ಗೋಡೆಗಳಿಂದ ಕನಿಷ್ಠ 18 ಇಂಚು ದೂರವಿರಲಿ. ತಯಾರಕರ ಕೈಪಿಡಿ ಇನ್ನೂ ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಬೇಕು. ಪೆಟ್ರೋಲ್ ಕ್ಯಾನು, ಪೇಂಟ್, ರಟ್ಟಿನ ಪೆಟ್ಟಿಗೆಗಳು ಆ ಕೋಣೆಯಲ್ಲೇ ಬೇಡ.

ಕಾಣದ ಅನಿಲ

ವಿದ್ಯುತ್ ಆವಿಗೆಯಲ್ಲಿ ಉರಿ ಇಲ್ಲ, ಆದ್ದರಿಂದ ಹೊಗೆಯೂ ಇಲ್ಲ ಎಂದು ಹಲವರು ತಿಳಿಯುತ್ತಾರೆ. ಆದರೆ ಜೇಡಿಮಣ್ಣಿನಲ್ಲೇ ಸಸ್ಯಾಂಶವೂ ಗಂಧಕವೂ ಇರುತ್ತವೆ. 100 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಒದ್ದೆಯ ನೀರು ಆವಿಯಾಗುತ್ತದೆ. ಸುಮಾರು 350ರಿಂದ 600 ಡಿಗ್ರಿಯ ನಡುವೆ ಮಣ್ಣಿನ ಕಣದೊಳಗೆ ರಾಸಾಯನಿಕವಾಗಿ ಬಂಧಿತವಾಗಿದ್ದ ನೀರು ಹೊರಬರುತ್ತದೆ. ಈ ಹಂತಗಳಲ್ಲೂ ಮುಂದೆಯೂ ಸಸ್ಯಾಂಶ, ಮೇಣ, ಗಂಧಕ ಉರಿದುಹೋಗುತ್ತವೆ. ಆಗ ಹೊರಡುವ ಅನಿಲಗಳಲ್ಲಿ ಕಾರ್ಬನ್ ಮೊನಾಕ್ಸೈಡೂ ಒಂದು.

ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಆಯಾಸ ಬಂದಾಗ ಚಳಿಗಾಲದ ಫ್ಲೂ ಎಂದೇ ಅನಿಸುತ್ತದೆ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಮೊದಲು ಇದನ್ನೇ ಶಂಕಿಸಬೇಕು. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ಆಮ್ಲಜನಕವಿರುವ ಹಿಮೋಗ್ಲೋಬಿನ್ನಿಗೂ ಈ ಅನಿಲ ಅಂಟಿದ ಹಿಮೋಗ್ಲೋಬಿನ್ನಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ವಿಷವೇರಿದವರಲ್ಲೂ ಅದು 98, 99 ಎಂದು ತೋರಿಸಬಹುದು. ಇಂಥ ಸಂದರ್ಭದಲ್ಲಿ ಎಲ್ಲರೂ ಮನೆಯಿಂದ ಹೊರಗೆ ಬಂದು 911ಕ್ಕೆ ಕರೆ ಮಾಡಬೇಕು.

ಗೋಡೆಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯವಾಗಿ ಬೇಕು. ಆದರೆ ಅದೊಂದೇ ಸಾಲದು. ಇಲ್ಲಿನ ಮಾನದಂಡದ ಪ್ರಕಾರ ಅನಿಲದ ಪ್ರಮಾಣ ದಶಲಕ್ಷಕ್ಕೆ 70 ಭಾಗವಿದ್ದಾಗ ಅದು ಕೂಗುವುದು ಒಂದರಿಂದ ನಾಲ್ಕು ಗಂಟೆಯೊಳಗೆ. ಗರ್ಭಿಣಿಯರಿಗೂ ಹೃದ್ರೋಗಿಗಳಿಗೂ ಇದಕ್ಕಿಂತ ಕಡಿಮೆ ಪ್ರಮಾಣವೂ ಹಿತವಲ್ಲ. ಆದ್ದರಿಂದ ಆವಿಗೆಯ ಜೊತೆಗೇ ಗಾಳಿ ಹೊರಹಾಕುವ ವ್ಯವಸ್ಥೆಯನ್ನೂ ಕೊಳ್ಳಿ. ಸಾಮಾನ್ಯವಾಗಿ ಅದರ ಪುಟ್ಟ ಫ್ಯಾನು ಆವಿಗೆಯ ತಳದ ತೂತುಗಳ ಮೂಲಕ ಅನಿಲವನ್ನು ಎಳೆದು ಕೊಳವೆಯಲ್ಲಿ ಮನೆಯಾಚೆ ಬಿಡುತ್ತದೆ. ಆ ಕೊಳವೆಯನ್ನು ಅಟ್ಟಕ್ಕೋ ಡ್ರೈಯರಿನ ಕೊಳವೆಗೋ ಸೇರಿಸಬಾರದು. ಅದರ ಬಾಯಿ ಕಿಟಕಿಗಳಿಂದ ದೂರವಿರಲಿ.

ಧೂಳು

ಒದ್ದೆ ಮಣ್ಣು ನಿರಪಾಯ. ಒಣಗಿದ ಮೇಲೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳನ್ನು ಸೇರಿ ಅಲ್ಲೇ ಉಳಿಯುತ್ತವೆ. ವರ್ಷಗಟ್ಟಲೆ ಸೇವಿಸಿದರೆ ಸಿಲಿಕೋಸಿಸ್ ಬರಬಹುದು. ಅದಾಗಲೇ ಆದ ಹಾನಿಯನ್ನು ಸರಿಪಡಿಸುವ ಮದ್ದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2016ರಲ್ಲಿ ನಿಗದಿಪಡಿಸಿದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ ಕೇವಲ 50 ಮೈಕ್ರೋಗ್ರಾಂ.

ಹಾಗಾಗಿ ಪೊರಕೆ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ. ಗ್ಲೇಜಿನ ಪುಡಿ ಕಲಸುವಾಗ ಎನ್-95 ಅಥವಾ ಅದಕ್ಕಿಂತ ಉತ್ತಮ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತಿರಲಿ. ಬೇಸ್‌ಮೆಂಟಿನಲ್ಲಿ ಸ್ಟುಡಿಯೋ ಇದ್ದರೆ ಫರ್ನೇಸಿಗೆ ಗಾಳಿ ಹಿಂದಿರುಗುವ ಜಾಲರಿಯನ್ನು ಗಮನಿಸಿ. ಕೆಳಗಿನ ಧೂಳು ಅದರ ಮೂಲಕ ಮೊಮ್ಮಕ್ಕಳ ಕೋಣೆಯವರೆಗೂ ಹೋಗಬಹುದು. ಆ ಜಾಲರಿಯನ್ನು ಮುಚ್ಚಬಹುದೇ ಎಂದು ಫರ್ನೇಸ್ ನೋಡಿಕೊಳ್ಳುವವರನ್ನು ಕೇಳಿ.

ಮೊದಲ ಸುಡುವಿಕೆ

ಹೊಸ ಆವಿಗೆಯನ್ನು ಮೊದಲ ಸಲ ಮಡಕೆಗಳಿಲ್ಲದೆ ಸುಡಬೇಕು. ಇದರಿಂದ ಇಟ್ಟಿಗೆಯ ತೇವ ಆರುತ್ತದೆ. ಕಾಯುವ ಸುರುಳಿಗಳ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ರಕ್ಷಾಪದರ ಮೂಡುತ್ತದೆ. ಅದಕ್ಕೂ ಮೊದಲು ಶೆಲ್ಫುಗಳ ಮೇಲ್ಮೈಗೆ ಕೇಯೊಲಿನ್ ಮತ್ತು ಅಲ್ಯೂಮಿನಾ ಸಮಪಾಲು ಕಲಸಿದ ಲೇಪ ಬಳಿಯಿರಿ. ಸುರುಳಿಗಳಿಗೆ ಅದು ತಾಗದಿರಲಿ.

ಮೇಲೆ, ನಡುವೆ, ಕೆಳಗೆ ಒಂದೊಂದು ಕೋನ್ ಇಡಿ. ಕೋನ್ ಎಂದರೆ ಗೊತ್ತಾದ ಶಾಖ ಉಂಡಾಗ ಬಾಗುವ ಪುಟ್ಟ ಪಿಂಗಾಣಿ ಗೋಪುರ. ಜರ್ಮನಿಯ ಹರ್ಮನ್ ಸೆಗರ್ 1886ರಲ್ಲಿ ಇದನ್ನು ರೂಪಿಸಿದರು. ಎಡ್ವರ್ಡ್ ಆರ್ಟನ್ 1896ರಲ್ಲಿ ಓಹಾಯೋದಲ್ಲಿ ಇದರ ತಯಾರಿಕೆ ಆರಂಭಿಸಿದರು. ಸಂಖ್ಯೆಯ ಹಿಂದಿನ ಸೊನ್ನೆಯನ್ನು ಕಡೆಗಣಿಸುವಂತಿಲ್ಲ. ಕೋನ್ 04 ಬಾಗುವುದು ಸುಮಾರು 1060 ಡಿಗ್ರಿಯಲ್ಲಿ, ಕೋನ್ 4 ಸುಮಾರು 1180ರಲ್ಲಿ. ಕಡಿಮೆ ಶಾಖದ ಮಣ್ಣನ್ನು ಎರಡನೆಯದಕ್ಕೆ ಸುಟ್ಟರೆ ಅದು ಕರಗಿ ಶೆಲ್ಫಿಗೆ ಅಂಟಬಹುದು. ಮೂರು ಕೋನುಗಳು ಒಂದೇ ರೀತಿ ಬಾಗಿವೆಯೇ ಎಂದು ಬರೆದಿಡಿ. ಮುಂದೆ ಸುರುಳಿಗಳು ಸವೆದಾಗ ಹೋಲಿಸಿ ನೋಡಲು ಈ ದಾಖಲೆಯೇ ಆಧಾರ.

ಇಣುಕು ರಂಧ್ರದಲ್ಲಿ ನೋಡುವಾಗ ಅವಕೆಂಪು ಕಿರಣ ತಡೆಯುವ ಕನ್ನಡಕ ಧರಿಸಿ. ವರ್ಷಗಟ್ಟಲೆ ಬರಿಗಣ್ಣಿನಲ್ಲಿ ಕುಲುಮೆ ನೋಡಿದ ಗಾಜಿನ ಕೆಲಸಗಾರರಿಗೆ ಕಣ್ಣಿನ ಪೊರೆ ಬರುತ್ತಿದ್ದುದು ವೈದ್ಯಶಾಸ್ತ್ರಕ್ಕೆ ಹಳೆಯ ವಿಷಯ. ಊಟ ಬಡಿಸುವ ಪಾತ್ರೆಗಳಿಗೆ ಸೀಸವಿಲ್ಲದ ಗ್ಲೇಜನ್ನೇ ಬಳಸಿ.

ಆವಿಗೆಗೆ ಖರ್ಚು ಲೆಕ್ಕ ಹಾಕುವಾಗ ಎಲೆಕ್ಟ್ರಿಷಿಯನ್, ಗಾಳಿಯ ಕೊಳವೆ, ಅಲಾರಂ, ಮಾಸ್ಕ್ ಇವನ್ನೂ ಅದೇ ಪಟ್ಟಿಗೆ ಸೇರಿಸಿ. ಅಷ್ಟು ಹಣ ಈಗ ಹೊಂದದಿದ್ದರೆ ಇನ್ನೊಂದು ವರ್ಷ ಸ್ಟುಡಿಯೋದ ಆವಿಗೆಯಲ್ಲೇ ಸುಡಿಸಿಕೊಳ್ಳಿ. ಅಲ್ಲಿಯವರೆಗೆ ತಿಗರಿಯ ಮೇಲೆ ಕೈ ಪಳಗಿರುತ್ತದೆ.